ಗುರಿ ಬೇಕೋ, ಸದ್ದು ಬೇಕೋ

ಹೋದ ದೀಪಾವಳಿಗೆ ಮಾಯಸಂದ್ರಕ್ಕೆ ಹೋಗಿದ್ದಾಗ ದೊಡ್ಡಪ್ಪನ ಮಗ ನನ್ನನ್ನು ಕೊಬ್ಬರಿ ಅಟ್ಟದ ಕೆಳಗೆ ಕೂರಿಸಿಕೊಂಡ. ಅತ್ತಿಗೆ ಹತ್ತಿರದಲ್ಲೇನಾದರೂ ಇದ್ದಾರೇನೋ ಎಂದು ಒಮ್ಮೆ ಹೊರಗೆ ಇಣುಕಿ ನೋಡಿ, ಮೆಲ್ಲಗೆ ಕೇಳಿದ.

"ನೀನು ಎನ್‌ಸಿಸೀಲಿದ್ದೋಳು, ಗನ್ ಹೊಡ್ದಿದ್ದೀಯ. ಈಗ ಪಿಎಚ್‌ಡಿ ಬೇರೆ ಮಾಡ್ತಿದ್ದೀಯ. ಸ್ವಲ್ಪ ಓದಿ ನೋಡಿ ಹೇಳವ್ವ, ಮೊದಲ್ನೇ ಸಲ ರಿವಾಲ್ವರ್ ತಗಳ್ಳೋನು ಯಾವ್ದು ತಗಂಡ್ರೆ ಒಳ್ಳೇದು? ನಂಗೆ ಮ್ಯಾಗ್ನಮ್ಮೇ ಬೇಕು."

"ಯಾತಕ್ಕಣ್ಣ?"

"ಟಾರ್ಗೆಟ್ ಶೂಟಿಂಗ್‌ಗೆ ಕಣವ್ವ. ಹವ್ಯಾಸಕ್ಕೆ."

ಅಟ್ಟ ಮುಕ್ಕಾಲು ಖಾಲಿಯಾಗಿತ್ತು. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ರೂಪಾಯಿ ದಾಟಿತ್ತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಹೊಸ ಕಾರು, ಹೊಸ ಟಿವಿ, ಹೊಸ ಗೇಟು ಕಾಣಿಸಿಕೊಂಡಿದ್ದವು. ನಮ್ಮಣ್ಣನಿಗೆ ರಿವಾಲ್ವರ್ ಬೇಕಿತ್ತು.

ಅಂದು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ನಿಂಗ್ಯಾಕಣ್ಣ ಇವೆಲ್ಲ" ಎಂದು ನಕ್ಕು ಎದ್ದು ಬಂದೆ. ಆ ನಗು ನನಗೀಗ ಸರಿಕಾಣುತ್ತಿಲ್ಲ. ಹಾಸ್ಟೆಲ್ಲಿಗೆ ಬಂದು ಗೆಳತಿಯರಿಗೆ ಹೇಳಿದಾಗ ಅವರೂ ನಕ್ಕರು. ಒಬ್ಬಳು ಇದನ್ನು ಗಂಡಸುತನದ ರೂಪಕ ಎಂದಳು, ಇನ್ನೊಬ್ಬಳು ಹೊಸ ದುಡ್ಡಿನ ರೂಪಕ ಎಂದಳು. ಕನ್ನಡ ಓದುವ ನಮ್ಮ ವಲಯದಲ್ಲಿ ಕೋವಿಯ ಮಾತೆತ್ತಿದರೆ ಆಗುವುದು ಎರಡೇ: ಮೂಗು ಮುರಿಯುತ್ತೇವೆ, ಇಲ್ಲವೇ ರೂಪಕ ಮಾಡುತ್ತೇವೆ. ಕುವೆಂಪು, ತೇಜಸ್ವಿಯವರನ್ನು ಓದಿಕೊಂಡವರು ನಾವು. ಅವರ ಬರಹದಲ್ಲಿ ಕೋವಿಗೆ ತೂಕವಿದೆ, ಮಸಿ ಇದೆ, ಅದನ್ನು ಹಿಡಿದವನಿಗೆ ತಪ್ಪುವ ಭಯವಿದೆ. ನಮಗೆ ಅದರ ಅರ್ಥ ಮಾತ್ರ ಬೇಕು, ವಸ್ತು ಬೇಡ. ಹೀಗಾಗಿ ಊರಿನ ಒಬ್ಬ ಮನುಷ್ಯ ನೇರವಾಗಿ "ಯಾವುದು ಕೊಳ್ಳಲಿ" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಉತ್ತರವನ್ನು ಅಂಗಡಿಯವನು ಕೊಡುತ್ತಾನೆ, ಸಿನಿಮಾ ಕೊಡುತ್ತದೆ.

ಆದ್ದರಿಂದ ಅಣ್ಣನ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡು ಉತ್ತರ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟು: ಗುರಿ ಹೊಡೆಯುವ ಆಸೆ ನಿಜವಾಗಿದ್ದರೆ ಮೊದಲ ಕೋವಿ ಮ್ಯಾಗ್ನಮ್ ಆಗಕೂಡದು. ಮೊದಲ ಕೋವಿಯೇ ಮ್ಯಾಗ್ನಮ್ ಆಗಬೇಕು ಎಂದು ಹಟ ಹಿಡಿದರೆ ಬೇಕಾಗಿರುವುದು ಗುರಿಯಲ್ಲ ಎಂದೇ ಅರ್ಥ.

ಮೊದಲು ಆ ಹೆಸರನ್ನು ನೋಡೋಣ. ಮ್ಯಾಗ್ನಮ್ ಎಂದರೆ ಲ್ಯಾಟಿನ್‌ನಲ್ಲಿ ದೊಡ್ಡದು. ಶಾಂಪೇನ್ ವ್ಯಾಪಾರದಲ್ಲಿ ಎರಡು ಬಾಟಲಿಯಷ್ಟು ಹಿಡಿಯುವ ಒಂದೂವರೆ ಲೀಟರಿನ ಬಾಟಲಿಗೆ ಆ ಹೆಸರಿದೆ. ಮದ್ದು ಹೆಚ್ಚು ತುಂಬಿದ ತೋಟಾಗಳಿಗೂ ಅದೇ ಹೆಸರು ಬಂತು. ರಿವಾಲ್ವರಿನ ಲೋಕದಲ್ಲಿ ಅದು ಮೆರೆಯಲು ಶುರುವಾದದ್ದು 1935ರಲ್ಲಿ, ಅಮೆರಿಕದ ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿ ಪಾಯಿಂಟ್ 357 ಮ್ಯಾಗ್ನಮ್ ತಂದಾಗ. ಅದುವರೆಗೆ ಬಳಕೆಯಲ್ಲಿದ್ದ ಪಾಯಿಂಟ್ 38 ಸ್ಪೆಷಲ್ ತೋಟಾವನ್ನೇ ಸುಮಾರು ಮೂರು ಮಿಲಿಮೀಟರ್ ಉದ್ದ ಮಾಡಿ, ಒಳಗೆ ಹೆಚ್ಚು ಒತ್ತಡ ಹುಟ್ಟುವಂತೆ ಮಾಡಿದ್ದು ಅದು. ಹಳೆಯ ಸಣ್ಣ ರಿವಾಲ್ವರಿನಲ್ಲಿ ಯಾರೋ ಹಾಕಿ ಸಿಡಿಸಿಕೊಳ್ಳಬಾರದು ಎಂದೇ ಆ ಉದ್ದ. ಆಗಿನ ಅಮೆರಿಕದ ಪೊಲೀಸರಿಗೆ ದರೋಡೆಕೋರರ ಕಾರಿನ ತಗಡನ್ನು ತೂರಿಹೋಗುವ ಗುಂಡು ಬೇಕಿತ್ತು. ಇಪ್ಪತ್ತು ವರ್ಷದ ಮೇಲೆ ಪಾಯಿಂಟ್ 44 ಮ್ಯಾಗ್ನಮ್ ಬಂತು. ಅದು ದೊಡ್ಡ ಬೇಟೆಯವರ ತೋಟಾ. 1971ರಲ್ಲಿ 'ಡರ್ಟಿ ಹ್ಯಾರಿ' ಸಿನಿಮಾದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಕೈಯಲ್ಲಿ ಹಿಡಿದ ಮೇಲೆ ಬೇಟೆಯ ಗಂಧವೇ ಇಲ್ಲದವರೂ ಅಂಗಡಿಗೆ ಹೋಗಿ ಕೇಳತೊಡಗಿದರು. ಕಾರಿನ ತಗಡು, ಕಾಡಿನ ಪ್ರಾಣಿ, ಸಿನಿಮಾದ ಪರದೆ. ಮ್ಯಾಗ್ನಮ್ ದೊಡ್ಡದಾದ ಈ ಕಥೆಯಲ್ಲಿ ಕಾಗದದ ಗುರಿ ಎಲ್ಲೂ ಇಲ್ಲ.

ಇನ್ನು ಕಾಗದದ ಗುರಿಯವರು ಏನು ಮಾಡುತ್ತಾರೆ ನೋಡಿ. ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದದ್ದು ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ. ಮದ್ದಿಲ್ಲ, ಹೊಗೆಯಿಲ್ಲ. ಗಾಳಿಯ ಒತ್ತಡದಲ್ಲಿ ನಾಲ್ಕೂವರೆ ಮಿಲಿಮೀಟರಿನ ಸೀಸದ ಚೂರು ಹೋಗಿ ಕಾಗದಕ್ಕೆ ಬಡಿಯುತ್ತದೆ. ಆ ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ ಹನ್ನೊಂದೂವರೆ ಮಿಲಿಮೀಟರ್. ವಿಜಯ್ ಕುಮಾರ್ 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ ತಂದದ್ದು 25 ಮೀಟರ್ ರ್‍ಯಾಪಿಡ್ ಫೈರ್‌ನಲ್ಲಿ. ಅಲ್ಲಿ ಬಳಸುವುದು ಪಾಯಿಂಟ್ 22, ಎಂದರೆ ಕಾಲೇಜು ಮಕ್ಕಳಿಗೆ ಎನ್‌ಸಿಸಿಯಲ್ಲಿ ಕೊಡುವ ಅಳತೆ. ಇದಕ್ಕಿಂತ ದೊಡ್ಡ ತೋಟಾದ ಸ್ಪರ್ಧೆಯೂ ಇದೆ, ಸೆಂಟರ್ ಫೈರ್ ಎನ್ನುತ್ತಾರೆ. ಪಾಯಿಂಟ್ 30ರಿಂದ 38ರವರೆಗಿನ ಅಳತೆಗೆ ಅಲ್ಲಿ ಅವಕಾಶವುಂಟು, ರಿವಾಲ್ವರಿಗೂ ಉಂಟು. ಆದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ಮ್ಯಾಗ್ನಮ್ ತೋಟಾ ನಡೆಯುವುದಿಲ್ಲ. ಅಣ್ಣ, ನೀನು ಗುರಿ ಹೊಡೆಯಲು ಕೊಳ್ಳುತ್ತೇನೆ ಎನ್ನುತ್ತಿರುವ ತೋಟಾವನ್ನು ಗುರಿಯವರೇ ಬಾಗಿಲಾಚೆ ನಿಲ್ಲಿಸಿದ್ದಾರೆ.

ಆ ಸ್ಪರ್ಧೆಯಲ್ಲಿ ಬಹಳ ಜನ ನೆಚ್ಚಿಕೊಂಡಿರುವುದು ಪಾಯಿಂಟ್ 32 ಲಾಂಗ್ ತೋಟಾ. ನಮ್ಮ ದೇಶದ ಆರ್ಡ್‌ನೆನ್ಸ್ ಕಾರ್ಖಾನೆಯ ರಿವಾಲ್ವರಿಗೂ ಅದೇ ತೋಟಾ. ಸೇನೆ, ಪೊಲೀಸರು ಬಳಸುವ 9 ಎಂಎಂ, ಪಾಯಿಂಟ್ 303ರಂಥ ಅಳತೆಗಳು ನಾಗರಿಕರಿಗೆ ನಿಷಿದ್ಧವಾದ್ದರಿಂದ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಈ 32. "ಅದು ನೊಣ ಹೊಡೆಯೋಕೂ ಆಗಲ್ಲ" ಎಂದು ಗೇಲಿ ಮಾಡುವವರನ್ನು ನಾನೇ ಕೇಳಿದ್ದೇನೆ. ಜಗತ್ತಿನ ಒಳ್ಳೆಯ ಗುರಿಕಾರರು ಹುಡುಕಿಕೊಂಡು ಹೋಗುವ ತೋಟಾ ನಮ್ಮ ಕಾನೂನಿನ ದಯದಿಂದ ನಮ್ಮ ಕೈಗೇ ಸಿಕ್ಕಿದೆ, ನಾವು ಅದನ್ನು ಬಡವರ ಪಾಲು ಎಂದುಕೊಂಡಿದ್ದೇವೆ.

ಗುರಿಯವರು ಯಾಕೆ ಸಣ್ಣದನ್ನು ಆರಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ತಿಪಟೂರಿನಲ್ಲಿ ಪದವಿ ಓದುವಾಗ ಒಂದು ಎನ್‌ಸಿಸಿ ಶಿಬಿರದಲ್ಲಿ 25 ಗಜದಿಂದ ಐದು ಸುತ್ತು ಹೊಡೆಯಬೇಕಿತ್ತು. ಐದೂ ಒಂದೆಡೆ ಗುಂಪಾಗಿ ಬೀಳಬೇಕು, ಗ್ರೂಪಿಂಗ್ ಎನ್ನುತ್ತಾರೆ. ನನ್ನವು ಐದೂ ಐದು ದಿಕ್ಕಿಗೆ ಹೋದವು. ರೈಫಲ್ ಸರಿಯಿಲ್ಲ ಎಂದೆ. ಉಸ್ತಾದ್ ಏನೂ ಹೇಳಲಿಲ್ಲ. ಮತ್ತೊಂದು ಸುತ್ತು ತುಂಬಿಕೊಟ್ಟರು. ಉಸಿರು ಹಿಡಿದು ಟ್ರಿಗರ್ ಎಳೆದೆ. ಟಿಕ್ ಎಂದಿತು, ಅಷ್ಟೇ. ಅವರು ಹಾಕಿದ್ದು ಖಾಲಿ ಕೇಸು. ಗುಂಡು ಹಾರಲಿಲ್ಲ. ಆದರೂ ನನ್ನ ಭುಜ ಮುಂದಕ್ಕೆ ನೂಕಿತ್ತು, ಕಣ್ಣು ಮುಚ್ಚಿತ್ತು, ನಳಿಗೆಯ ತುದಿ ಕೆಳಕ್ಕೆ ಬಿದ್ದಿತ್ತು. ಸದ್ದಾಗುವ ಮೊದಲೇ ನನ್ನ ಮೈ ಸದ್ದಿಗೆ ಹೆದರಿತ್ತು. "ನೀನು ತಪ್ಪಿದ್ದು ರೈಫಲಿಂದಲ್ಲ" ಎಂದು ಉಸ್ತಾದ್ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದರು. ಆ ಬೆದರು ಹೋಗಲು ನನಗೆ ಮೂರು ದಿನ ಬೇಕಾಯಿತು. ಅದೂ ಪಾಯಿಂಟ್ 22ರಲ್ಲಿ, ಭುಜಕ್ಕೆ ಒದೆಯೇ ಇಲ್ಲವೆನ್ನಬಹುದಾದ ರೈಫಲಿನಲ್ಲಿ.

ಪಾಯಿಂಟ್ 357ರ ಗುಂಡಿನ ಶಕ್ತಿ ಪಾಯಿಂಟ್ 32 ಲಾಂಗ್‌ನದಕ್ಕಿಂತ ನಾಲ್ಕು ಪಟ್ಟಿನ ಆಸುಪಾಸು. ಅದರ ಒದೆತವನ್ನು ತಡೆಯಲು ಭುಜವಿಲ್ಲ, ಅಂಗೈ ಮಾತ್ರ ಇದೆ. ಮೊದಲ ದಿನವೇ ಅದನ್ನು ಹಿಡಿದವನಿಗೆ ಬರುವುದು ಬೆದರು. ಒಮ್ಮೆ ಮೈಗೆ ಹತ್ತಿದ ಬೆದರು ಆಮೇಲೆ ಯಾವ ಕೋವಿ ಹಿಡಿದರೂ ಬೆನ್ನು ಬಿಡುವುದಿಲ್ಲ. ಮಗು ಕಾಗುಣಿತ ಕಲಿಯುವ ಮೊದಲೇ ಮಹಾಕಾವ್ಯ ಬರೆಯಲು ಕೂತ ಹಾಗೆ ಇದು. ನಮ್ಮ ಸಂಶೋಧನಾ ವಲಯದಲ್ಲೂ ಮೊದಲ ಪ್ರಬಂಧವೇ ಮ್ಯಾಗ್ನಮ್ ಓಪಸ್ ಆಗಬೇಕೆಂದು ಹೊರಟು ಏಳು ವರ್ಷವಾದರೂ ಒಂದು ಅಧ್ಯಾಯ ಮುಗಿಸದವರಿದ್ದಾರೆ. ಆ ಸಾಲಿನಲ್ಲಿ ನಾನೂ ಎರಡು ವರ್ಷ ನಿಂತಿದ್ದೆ.

ಇದಕ್ಕೆ ಬರುವ ಎದುರುವಾದಗಳನ್ನು ನಾನು ಬಲ್ಲೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಪಾಯಿಂಟ್ 357 ರಿವಾಲ್ವರಿನಲ್ಲಿ ಪಾಯಿಂಟ್ 38 ಸ್ಪೆಷಲ್ ತೋಟಾವನ್ನೂ ಹಾಕಬಹುದು, ಅದರಲ್ಲೇ ಕಲಿತುಕೊಂಡರಾಯಿತು ಎಂಬುದು. ನಿಜ, ಹಾಕಬಹುದು. ಅಮೆರಿಕದಲ್ಲಿ ಹೊಸಬರಿಗೆ ಅನುಭವಿಗಳು ಕೊಡುವ ಸಲಹೆಯೇ ಅದು. ಆ ಸಲಹೆಯ ಒಳಗಿರುವುದನ್ನು ಗಮನಿಸಿ. ಮ್ಯಾಗ್ನಮ್ ಕೊಂಡವನಿಗೂ ಮೊದಲ ಪಾಠ, ಮ್ಯಾಗ್ನಮ್ ತೋಟಾ ಹಾಕಬೇಡ ಎಂಬುದು! ಹಾಗಾದರೆ ಆ ಹೆಸರಿಗೆ ದುಡ್ಡು ಕೊಡುವುದೇಕೆ? ಅದೂ ನಮ್ಮ ದೇಶದಲ್ಲಿ. ಹೆಸರಾಂತ ಶೂಟರ್‌ಗಳನ್ನು ಬಿಟ್ಟರೆ ಸಾಮಾನ್ಯರಿಗೆ ವಿದೇಶಿ ಕೋವಿಯ ಆಮದು ಮುಚ್ಚಿ ದಶಕಗಳೇ ಆಗಿವೆ. ಇಲ್ಲಿ ಕೈಯಿಂದ ಕೈಗೆ ಹೋಗುವ ಹಳೆಯ ಮ್ಯಾಗ್ನಮ್‌ಗಳ ಬೆಲೆ ಅವುಗಳ ಗುಣಕ್ಕೆ ಕಟ್ಟಿದ್ದಲ್ಲ, ಅಭಾವಕ್ಕೆ ಕಟ್ಟಿದ್ದು.

ಎರಡನೆಯದು, ಮ್ಯಾಗ್ನಮ್‌ನ ಗುರಿ ಸ್ಪರ್ಧೆಗಳೂ ಇವೆಯಲ್ಲ ಎಂಬುದು. ಒಪ್ಪುತ್ತೇನೆ. ಮೆಕ್ಸಿಕೋದಲ್ಲಿ ಹುಟ್ಟಿದ ಸಿಲುವೆಟ್ ಎಂಬ ಆಟವಿದೆ. ಉಕ್ಕಿನ ತಗಡಿನಲ್ಲಿ ಕೋಳಿ, ಹಂದಿ, ಟಗರಿನ ಆಕಾರ ಕತ್ತರಿಸಿ ದೂರದಲ್ಲಿ ನಿಲ್ಲಿಸುತ್ತಾರೆ. ಇನ್ನೂರು ಮೀಟರ್ ಆಚೆಯ ಟಗರನ್ನು ರಿವಾಲ್ವರಿನಿಂದ ಬರೀ ಮುಟ್ಟಿದರೆ ಸಾಲದು, ಉರುಳಿಸಬೇಕು. ಅಲ್ಲಿ ಮ್ಯಾಗ್ನಮ್‌ಗೆ ಕೆಲಸವಿದೆ. ಆದರೆ ಆ ಆಟಕ್ಕೆ ಇಳಿಯುವವರು ಮೊದಲ ಕೋವಿಯವರಲ್ಲ, ವರ್ಷಗಟ್ಟಲೆ ಸಣ್ಣ ತೋಟಾದಲ್ಲಿ ಕೈ ಪಳಗಿಸಿಕೊಂಡವರು. ಮಾಯಸಂದ್ರದ ತೋಟದಲ್ಲಿ ಇನ್ನೂರು ಮೀಟರ್ ಗುಂಡು ಹಾರಿಸಿದರೆ ಅದು ಇನ್ನೊಬ್ಬರ ತೋಟದಲ್ಲಿ ಬೀಳುತ್ತದೆ. ಅಲ್ಲಿ ಯಾರೋ ಗರಿ ಆಯುತ್ತಿರುತ್ತಾರೆ.

ಮೂರನೆಯದು ಅಣ್ಣನದೇ ಮಾತು: "ಕೊಡಗಿನೋರಿಗೆ ಲೈಸೆನ್ಸೇ ಬೇಡ್ವಂತೆ. ಅವರು ತೆಂಗಿನಕಾಯಿಗೇ ಗುಂಡು ಹೊಡೀತಾರೆ. ತೆಂಗು ಬೆಳೆಯೋರು ನಾವು, ನಮಗ್ಯಾಕಿಲ್ಲ?" ಕೇಳಲು ಚೆನ್ನಾಗಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಬೇರು 1861ರಷ್ಟು ಹಿಂದಕ್ಕೆ, ಬ್ರಿಟಿಷರ ಕಾಲಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಪ್ರಶ್ನಿಸಿದಾಗ ರಾಜ್ಯದ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆ ವಿನಾಯಿತಿ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಆದರೆ ಅಲ್ಲಿ ಕೋವಿ ಹಬ್ಬದ ವಸ್ತು. ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ ಇತ್ತು. ಅಂಥ ಊರಿನಲ್ಲಿ ಸದ್ದಿಗೂ ಒಂದು ಲೆಕ್ಕವಿದೆ. ಎಷ್ಟು ಸಲ, ಯಾಕೆ ಎಂದು ಕೇಳಿದವರಿಗೆ ಗೊತ್ತಾಗುತ್ತದೆ. ಮತ್ತೆ ಮರದ ಮೇಲೆ ಕಟ್ಟಿದ ಆ ತೆಂಗಿನಕಾಯಿಗೆ ಅವರು ಗುರಿಯಿಡುವುದು ಪಾಯಿಂಟ್ 22 ರೈಫಲಿನಿಂದ, ತೋಟಾ ಕೋವಿಯಿಂದ. ಮ್ಯಾಗ್ನಮ್ ರಿವಾಲ್ವರಿನಿಂದಲ್ಲ. ಅನುಕರಿಸುವುದಿದ್ದರೆ ಪೂರ್ತಿ ಅನುಕರಿಸಬೇಕು.

ನಾಲ್ಕನೆಯದು, ಟಾರ್ಗೆಟ್ ಎಂಬುದು ಬಾಯಿಮಾತಿಗೆ, ಒಳಗಿರುವುದು ಹಂದಿ, ಚಿರತೆಯ ಭಯ ಎಂಬುದು. 2019-20ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿರತೆಗಳು ಮನುಷ್ಯರನ್ನು ಕೊಂದ ದಿನಗಳು ಯಾರಿಗೂ ಮರೆತಿಲ್ಲ. ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡ ಊರುಗಳವು. ಆದರೆ ಚಿರತೆ 1972ರ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಅದನ್ನು ಹಿಡಿಯುವುದು ಅರಣ್ಯ ಇಲಾಖೆಯ ಕೆಲಸ. ಕತ್ತಲಲ್ಲಿ ಬರುವ ಹಂದಿಗೆ ರಿವಾಲ್ವರ್ ಹಿಡಿದು ಹೊರಟವನು ಹಂದಿಗಿಂತ ಮೊದಲು ನೀರು ಬಿಡಲು ಬಂದ ಪಕ್ಕದ ತೋಟದವನನ್ನು ಹೊಡೆದಾನು.

ಕಾನೂನು ಏನು ಹೇಳುತ್ತದೆ ಎಂದು ನೋಡಿದಾಗ ನನಗೇ ಅಚ್ಚರಿಯಾಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಯಾವ ಉದ್ದೇಶಕ್ಕೆ ಯಾವ ಕೋವಿ ಎಂದು ಹೆಸರು ಹಿಡಿದು ಹೇಳುತ್ತದೆ. ಬೆಳೆ ಕಾಯುವುದಕ್ಕೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ. ಗುರಿಯ ಅಭ್ಯಾಸಕ್ಕೆ, ಮಾನ್ಯತೆ ಪಡೆದ ಕ್ಲಬ್ಬಿನ ಸದಸ್ಯನಾಗಿದ್ದರೆ, ಪಾಯಿಂಟ್ 22 ರೈಫಲ್ ಇಲ್ಲವೇ ಏರ್ ರೈಫಲ್. ರಿವಾಲ್ವರ್ ಬೇಕೆಂದರೆ ಅದು 'ಇತರೆ' ಸಾಲಿಗೆ ಸೇರುತ್ತದೆ, ತಕ್ಕ ಕಾರಣವಿದೆ ಎಂದು ಜಿಲ್ಲಾಧಿಕಾರಿಗೆ ಮನವರಿಕೆಯಾಗಬೇಕು. ಅರವತ್ತು ವರ್ಷಕ್ಕೂ ಹಿಂದೆ ಈ ಕಾಯ್ದೆ ಬರೆದವರಿಗೆ ಗುರಿ ಎಂದರೆ ಸಣ್ಣ ತೋಟಾ ಎಂಬುದು ಗೊತ್ತಿತ್ತು. ಆಮೇಲೆ 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಕೋವಿ ಎಂದಿತು. ಮದುವೆ, ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂದೂ ಹೇಳಿತು. ಚುನಾವಣೆ ಬಂತೆಂದರೆ ಪರವಾನಗಿ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಹಿಡಿದು ನಿಲ್ಲಬೇಕಾಗುತ್ತದೆ. ಹೊರಗೆ ತೆಗೆಯುವಂತಿಲ್ಲ, ಹಾರಿಸುವಂತಿಲ್ಲ, ಬೀರುವಿನಲ್ಲಿದೆ ಎಂದು ನಾಲ್ಕು ಜನಕ್ಕೆ ಗೊತ್ತಿರಬೇಕು, ಅಷ್ಟೇ. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಕಾಯಿ ಸುಲಿಯುವ ಹಾರೆಯ ಪಕ್ಕ ಅದನ್ನಿಟ್ಟು ಫೋಟೊ ತೆಗೆಯಬೇಕು. ಆ ಸಾಲಿನಲ್ಲಿ ವರ್ಷವಿಡೀ ಒಂದು ದಿನವೂ ದುಡಿಯದ ಆಯುಧ ಅದೊಂದೇ.

ಹಾಗಾದರೆ ಯಾವುದು ಕೊಳ್ಳಬೇಕು? ಪ್ರಶ್ನೆ ಕೇಳಿದವನಿಗೆ ನೇರ ಉತ್ತರ ಸಲ್ಲಬೇಕು.

ಮೊದಲು ಏನನ್ನೂ ಕೊಳ್ಳಬೇಡ. ಒಂದು ಕ್ಲಬ್ಬಿಗೆ ಹೋಗು, ಅಲ್ಲಿರುವುದನ್ನು ಹಿಡಿದು ನೋಡು. ಕೊಳ್ಳಲೇಬೇಕೆನಿಸಿದರೆ ನಾಲ್ಕೂವರೆ ಮಿಲಿಮೀಟರಿನ ಏರ್ ಪಿಸ್ತೂಲು ಕೊಳ್ಳು. ಅದರ ಶಕ್ತಿ ನಿಯಮದ ಮಿತಿಯೊಳಗಿದ್ದರೆ ಪರವಾನಗಿ ಬೇಕಿಲ್ಲ. ಹತ್ತು ಮೀಟರಿನಿಂದ ನಿನ್ನ ಐದು ಹೊಡೆತ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವವರೆಗೆ ಮುಂದಿನ ಮೆಟ್ಟಿಲಿನ ಮಾತು ಬೇಡ. ಆಮೇಲೆ ಕ್ಲಬ್ಬಿನಲ್ಲೇ ಪಾಯಿಂಟ್ 22. ಅದಾಗಿಯೂ ರಿವಾಲ್ವರಿನ ಆಸೆ ಉಳಿದಿದ್ದರೆ ಪಾಯಿಂಟ್ 32 ನೋಡು. ನೋಡುವಾಗ ಹಗುರವಾದದ್ದಕ್ಕೆ ಮರುಳಾಗಬೇಡ. 2014ರಲ್ಲಿ ಕಾನ್ಪುರದ ಕಾರ್ಖಾನೆ ಹೆಂಗಸರಿಗೆಂದು 'ನಿರ್ಭೀಕ್' ಎಂಬ ಅರ್ಧ ಕೆಜಿಯ ರಿವಾಲ್ವರ್ ತಂದಿತು. ಬೆಲೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ಚಿಲ್ಲರೆ. ಚೀಲದಲ್ಲಿಡಲು ಹಗುರ ಒಳ್ಳೆಯದು, ಗುರಿಗೆ ತೂಕವೇ ಒಳ್ಳೆಯದು. ತೂಕ ಒದೆತವನ್ನು ನುಂಗುತ್ತದೆ, ನಡುಕವನ್ನು ತಗ್ಗಿಸುತ್ತದೆ. ನಳಿಗೆ ಉದ್ದವಿದ್ದಷ್ಟೂ ಹಿಂದಿನ, ಮುಂದಿನ ನಿಶಾನೆಗಳ ನಡುವಿನ ದೂರ ಹೆಚ್ಚಿ, ಕಣ್ಣಿನ ತಪ್ಪು ಬೇಗ ಗೊತ್ತಾಗುತ್ತದೆ. ಹಿಡಿ ನಿನ್ನ ಅಂಗೈಗೆ ಕೂರಬೇಕು, ಬೇರೆಯವರ ಕಣ್ಣಿಗಲ್ಲ. ಕಿವಿಗೆ, ಕಣ್ಣಿಗೆ ರಕ್ಷಣೆಯಿಲ್ಲದೆ ಒಂದು ಸುತ್ತೂ ಹೊಡೆಯಬೇಡ. ಇಷ್ಟೆಲ್ಲ ಆಗಲು ನಾಲ್ಕೈದು ವರ್ಷ ಬೇಕು. ಆ ಹೊತ್ತಿಗೂ ನಿನಗೆ ಮ್ಯಾಗ್ನಮ್ ಬೇಕೆನಿಸಿದರೆ ಆಗ ನನ್ನನ್ನು ಕೇಳಬೇಕಾಗಿಯೇ ಇರುವುದಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನನ್ನು ಬರೆಯಲು ಕೂರಿಸಿದ್ದು ಇನ್ನೊಂದು ವಿಷಯ. ಅದನ್ನು ಹೇಳಲು ಅಣ್ಣನ ಒಪ್ಪಿಗೆ ಕೇಳಿದೆ. "ಬರ್ಕೋ, ಹೆಸ್ರು ಹಾಕ್ಬೇಡ" ಎಂದ.

2023ರಲ್ಲಿ ಇದೇ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರಕ್ಕಿಂತ ಕೆಳಗೆ ಬಿದ್ದಿತ್ತು. ಕೇಂದ್ರದ ಬೆಂಬಲ ಬೆಲೆ 11,750 ಎಂದಿದ್ದರೂ ಪೇಟೆಯಲ್ಲಿ ಆ ಬೆಲೆ ಕೊಡುವವರಿರಲಿಲ್ಲ. ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನುವ ಕಾಯಿ, ಮಾರಿದರೆ ಸುಲಿದ ಕೂಲಿಯೂ ಹುಟ್ಟುವುದೋ ಇಲ್ಲವೋ ಎನ್ನುವಂತಿತ್ತು. ಅಣ್ಣ ಅದನ್ನು ಕೆಳಗಿಳಿಸಲೇ ಇಲ್ಲ. ಸಂಜೆಯ ಹೊತ್ತು ಅಟ್ಟ ಹತ್ತಿ ಒಂದೊಂದೇ ಕಾಯಿ ಅಲ್ಲಾಡಿಸುತ್ತಾ ಕೂತಿರುತ್ತಿದ್ದ. ಒಂದು ರಾತ್ರಿ ನನಗೆ ಫೋನ್ ಮಾಡಿ ಬಹಳ ಹೊತ್ತು ಸುಮ್ಮನಿದ್ದು, "ಸಾಕಾಗದೆ ಕಣವ್ವ" ಎಂದು ಇಟ್ಟುಬಿಟ್ಟ. ಮಾರನೆಯ ದಿನ ಅತ್ತಿಗೆ ಕಳೆನಾಶಕದ ಕ್ಯಾನನ್ನು ಸೆರಗಿನಲ್ಲಿ ಸುತ್ತಿ ತಂದು ನಮ್ಮ ಮನೆಯಲ್ಲಿಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಮೂರು ತಿಂಗಳು ಅದು ನಮ್ಮ ಬಚ್ಚಲಿನ ಹಿಂದಿತ್ತು.

ಅಂಥ ರಾತ್ರಿಗಳು ದಾಟಿಹೋಗುತ್ತವೆ, ಕೈಗೆ ಏನೂ ಸಿಗದಿದ್ದರೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿಯಿತು. ಜನರ ಕಷ್ಟ ಇಳಿದಿರಲಿಲ್ಲ, ಆ ಗಳಿಗೆಯಲ್ಲಿ ಕೈಗೆ ಸಿಗುವ ವಸ್ತು ಬದಲಾಗಿತ್ತು. ನಮ್ಮ ಅತ್ತಿಗೆಗೆ ಇದು ಯಾವ ಅಧ್ಯಯನವನ್ನೂ ಓದದೆ ಗೊತ್ತಿತ್ತು.

ಕ್ಯಾನನ್ನು ಸೆರಗಿನಲ್ಲಿ ಸುತ್ತಿ ತರಬಹುದು. ಗಂಡನ ಹೆಸರಿನ ಪರವಾನಗಿಯಿರುವ, ಗಂಡನೇ ಬೀಗದ ಕೈ ಇಟ್ಟುಕೊಂಡಿರುವ ರಿವಾಲ್ವರನ್ನು ಅತ್ತಿಗೆ ಎಲ್ಲಿ ಬಚ್ಚಿಟ್ಟಾರು? ಕೊಬ್ಬರಿಯ ಬೆಲೆ ಏರಿದ ವರ್ಷ ಕೊಂಡ ಕೋವಿ ಬೆಲೆ ಬಿದ್ದ ವರ್ಷವೂ ಮನೆಯಲ್ಲೇ ಇರುತ್ತದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ಆ ವರ್ಷ ಬಂದೇ ಬರುತ್ತದೆ. ಗುರಿಯ ಹವ್ಯಾಸಿಗೆ ಮನೆಯಲ್ಲಿ ಏರ್ ಪಿಸ್ತೂಲು, ಕ್ಲಬ್ಬಿನ ಬೀರುವಿನಲ್ಲಿ ಪಾಯಿಂಟ್ 22 ಸಾಕು ಎಂದು ನಾನು ಹಟ ಹಿಡಿಯುವುದರಲ್ಲಿ ಅರ್ಧ ಕ್ರೀಡೆಯ ಕಾರಣವಿದೆ, ಇನ್ನರ್ಧ ಇದು.

ಅಣ್ಣ ಇನ್ನೂ ಮನಸ್ಸು ಬದಲಿಸಿಲ್ಲ. ಮೊನ್ನೆ ಫೋನಿನಲ್ಲಿ ಏರ್ ಪಿಸ್ತೂಲಿನ ಮಾತೆತ್ತಿದರೆ, "ಅದು ಹುಡುಗ್ರ ಆಟದ ಸಾಮಾನಲ್ವೇನವ್ವ" ಎಂದ. ಆಗಲಿ. ಅಣ್ಣ, ನಾನು ಸಂಕ್ರಾಂತಿಗೆ ಬರುತ್ತೇನೆ, ಗೆಳತಿಯೊಬ್ಬಳ ಏರ್ ಪಿಸ್ತೂಲು ತರುತ್ತೇನೆ. ಹಿತ್ತಲ ಮಣ್ಣಿನ ಗೋಡೆಗೆ ಒಂದು ದಪ್ಪ ಹಲಗೆ ಒರಗಿಸಿ, ಹತ್ತು ಮೀಟರ್ ಅಳೆದು ಗೆರೆ ಎಳೆದಿಡು. ಐದು ಹೊಡೆತ ನಿನಗೆ, ಐದು ನನಗೆ, ಐದು ಅತ್ತಿಗೆಗೆ. ಆಟದ ಸಾಮಾನಿನಲ್ಲಿ ಅತ್ತಿಗೆಯನ್ನು ಸೋಲಿಸು, ಆಮೇಲೆ ಮ್ಯಾಗ್ನಮ್ ವಿಷಯ ಮಾತಾಡೋಣ.